ಹಿತ್ತಿಲ ನಲ್ಲಿಯ ಗಂಟು

ಮೊನ್ನೆ ಹಿಮಾಯತ್‌ನಗರದ ನಮ್ಮ ಹಳೆಯ ಮನೆಯ ಹಿತ್ತಿಲ ನಲ್ಲಿ ಬದಲಿಸಲು ಪ್ಲಂಬರ್ ಬಂದಿದ್ದ. ವರ್ಷಗಟ್ಟಲೆ ತೊಟ್ಟಿಕ್ಕಿದ ಬೋರ್‌ವೆಲ್ ನೀರಿನಿಂದ ಅದರ ಮೂತಿಗೆ ದಪ್ಪಗೆ ಸುಣ್ಣ ಕಟ್ಟಿತ್ತು. ಬಿಚ್ಚಿ ನನ್ನ ಕೈಗಿಟ್ಟ. ಅಷ್ಟು ಸಾಕಾಯಿತು, ನನ್ನೊಳಗಿನ ಭೂವಿಜ್ಞಾನದ ಮೇಷ್ಟರು ಎದ್ದು ಕೂತರು.

ನಿವೃತ್ತರಾದರೂ ಈ ಮೇಷ್ಟರು ಸುಮ್ಮನಿರುವವರಲ್ಲ ನೋಡಿ. ಊಟಕ್ಕೆ ಕರೆದವರ ಮನೆಯ ನೆಲಗಲ್ಲಿನ ವಯಸ್ಸು ಹೇಳುತ್ತ ಎಲ್ಲರ ಸಾರು ಆರಿಸಿದ ಕೀರ್ತಿ ನನ್ನದು. ಈ ಪಾಠಗಳಿಗೆ ಹೆದರದೆ ಕೂತವರೆಂದರೆ ನನ್ನ ಅತ್ತೆ ಒಬ್ಬರೇ. ರಾಯಚೂರಿನಿಂದ ರೈಲು ಹತ್ತಿ ಕಾಚಿಗೂಡದಲ್ಲಿ ಇಳಿದವರು ಕೊನೆಯವರೆಗೂ ನಮ್ಮಲ್ಲೇ ಇದ್ದರು. ಒಮ್ಮೆ ಹಿತ್ತಿಲಲ್ಲಿ ಅವರಿಗೆ ಕಡಪ ಸೀಮೆಯಿಂದ ತಂದ ಕರಿ ಚಕಮಕಿ ಕಲ್ಲು ತೋರಿಸಿ, ಇದರೊಳಗೆ ಕೋಟ್ಯಂತರ ವರ್ಷಗಳ ಹಿಂದಿನ ಸೂಕ್ಷ್ಮಜೀವಿಗಳ ಗುರುತಿದೆ ಎಂದೆ.

"ಕಣ್ಣಿಗೇ ಕಾಣದ ಹುಳಾ. ಎಲುಬಿಲ್ಲ, ಚಿಪ್ಪಿಲ್ಲ. ಕೊಳತು ಹೋಗ್ದ ಹ್ಯಾಂಗ ಉಳೀತೈತ್ರಿ ಅಳಿಯಾರ?"

ಕೇಳಿದ್ದು ಒಂದು ಮಾತು, ನಾನು ಕೊಟ್ಟದ್ದು ಉಪನ್ಯಾಸ. ಜೀವಿ ಕೊಳೆಯುವ ಮುಂಚೆಯೇ ನೀರಿನಲ್ಲಿ ಕರಗಿದ ಖನಿಜ ಅದರ ಸುತ್ತಲೂ ಒಳಗೂ ಗಟ್ಟಿಕಟ್ಟಬೇಕು, ಆಮೇಲೆ ಜೀವಿ ಹೋದರೂ ಆಕಾರ ಕಲ್ಲಾಗಿ ಉಳಿಯುತ್ತದೆ, ಇತ್ಯಾದಿ. ಅಷ್ಟು ಹೊತ್ತೂ ಅತ್ತೆ ನೀರು ಸೋಸಲೆಂದು ತಮ್ಮ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಇದೇ ನಲ್ಲಿಗೆ ಬಿಗಿಯುತ್ತಿದ್ದರು. "ಭಾಳ ಛಲೋ ಹೇಳಿದ್ರಿ. ಈಗ ಆ ಬಕೀಟು ಸರಸ್ರಿ" ಎಂದರು.

ಅವರು ತೀರಿಕೊಂಡ ಮೇಲೆ ಪದ್ಧತಿಯಂತೆ ಸೀರೆಗಳೆಲ್ಲ ಯಾರ್ಯಾರ ಮನೆಗೋ ಹೋದವು. "ಅವ್ವಂದು ಒಂದಾದ್ರೂ ಇಟ್ಕೋಬೇಕಿತ್ತು" ಎಂದು ನನ್ನ ಹೆಂಡತಿ ಶಾರದೆ ಈಗಲೂ ಹಲುಬುತ್ತಾಳೆ. ಕೇಳಿದಾಗಲೆಲ್ಲ ನನಗೂ ಸಂಕಟವಾಗುತ್ತದೆ.

ಇರಲಿ. ಪ್ಲಂಬರನನ್ನು ಪಾಠವಿಲ್ಲದೆ ಕಳಿಸುವುದುಂಟೇ? ಕಲ್ಲಿನಲ್ಲಿ ಸುಣ್ಣವಿದೆಯೇ ಎಂದು ನೋಡಲು ಇಟ್ಟುಕೊಂಡಿದ್ದ ಆಮ್ಲದ ಬಾಟಲಿ ತಂದು ನಲ್ಲಿಯ ಮೇಲೆ ಸುರಿದೆ. ಬುಸುಬುಸು ನೊರೆ ಎದ್ದಿತು. ನಾನು ಬೀಗಿದೆ. ಆತ ಬಗ್ಗಿ ನೋಡಿ, "ಸಾಬ್, ಇಸ್ಮೇ ಕಪ್ಡಾ ಹೈ ಕ್ಯಾ?" ಎಂದ.

ಬಟ್ಟೆ ಎಂದೋ ಕೊಳೆತು ಹೋಗಿತ್ತು. ಸುಣ್ಣದಲ್ಲಿ ಉಳಿದಿದ್ದು ಅದರ ನೇಯ್ಗೆ, ಎಳೆ ಎಳೆಯಾಗಿ. ಪಕ್ಕದಲ್ಲಿ ಅತ್ತೆ ಹಾಕಿದ ಗಂಟು. ಜೀವಮಾನವೆಲ್ಲ ಇಂಥದ್ದನ್ನೇ ಹುಡುಕಿದ ಮಹಾನುಭಾವ ನಾನು, ಈಗ ಅದನ್ನು ಕರಗಿಸುತ್ತಿದ್ದೆ!

ತೊಳೆಯೋಣವೆಂದರೆ ನಲ್ಲಿ ನನ್ನ ಕೈಯಲ್ಲೇ ಇದೆ, ನೀರನ್ನು ಆತ ಮೇಲೆ ಟ್ಯಾಂಕಿನಲ್ಲೇ ಬಂದ್ ಮಾಡಿದ್ದಾನೆ. ಅಡುಗೆಮನೆಗೆ ಓಡಿ, ಅಕ್ಕಿ ನೆನೆಸಿಟ್ಟ ಪಾತ್ರೆಯಲ್ಲೇ ಮುಳುಗಿಸಿದೆ.

"ಹುಚ್ಚು ಹಿಡೀತೇನ್ರಿ ನಿಮಗ?" ಎಂದು ಶಾರದೆ ಕೂಗಿದಳು. ನಲ್ಲಿಯನ್ನು ಅವಳ ಕೈಗಿಟ್ಟೆ. ನೇಯ್ಗೆ ಅರ್ಧ ಅಳಿಸಿತ್ತು, ಗಂಟು ಹಾಗೇ ಇತ್ತು. ಅವಳು ಅದರ ಮೇಲೆ ಬೆರಳಿಟ್ಟು ನೆಲದ ಮೇಲೇ ಕೂತುಬಿಟ್ಟಳು.

"ಅವ್ವ ಹಾಕಿದ ಗಂಟು ಯಾರಿಗೂ ಬಿಚ್ಚಾಕ ಬರ್ತಿದ್ದಿಲ್ಲ."

"ನೋಡು, ಇದು ಹ್ಯಾಂಗ ಆಗ್ತದಂದ್ರ..."

"ಒಂದು ಮಾತೂ ಆಡಬ್ಯಾಡ್ರಿ."

ಚಕಮಕಿ ಕಲ್ಲು ಇರುತ್ತಿದ್ದ ಗಾಜಿನ ಕಪಾಟಿನಲ್ಲಿ ಈಗ ಆ ನಲ್ಲಿ ಇದೆ. ಬಂದವರು ಏನಿದು ಎಂದು ಕೇಳಿದರೆ ಶಾರದೆ ಹೇಳುತ್ತಾಳೆ. ನಾನು ಎದ್ದು ಹೋಗಿ ಹಿತ್ತಿಲ ಬಕೀಟು ಸರಿಸುತ್ತೇನೆ.