ಪಾಟೀಲ್ ಅಂಕಲ್ ಪಂಪಿಗೆ ಚಳಿಯಾದದ್ದು

ಸಿಂಗಪುರದಲ್ಲಿ ಚಳಿಗಾಲವೇ ಇಲ್ಲ ಎನ್ನುವವರು ಡಿಸೆಂಬರ್ ಮಳೆಯಲ್ಲಿ ನಮ್ಮ ಮನೆಗೆ ಬಂದಿಲ್ಲ. ಬಿಸಿಲು ಸ್ವಲ್ಪ ಮುಖ ಮರೆಸಿಕೊಂಡರೆ ಸಾಕು, ಅಪ್ಪ ಬೀರುವಿನ ತಳದಿಂದ ಮಂಕಿ ಕ್ಯಾಪ್ ತೆಗೆಯುತ್ತಾರೆ. ಅಮ್ಮ ಫ್ಯಾನ್ ಹಾಕಿಕೊಂಡೇ ಶಾಲು ಹೊದೆಯುತ್ತಾಳೆ. ಫ್ಯಾನ್ ಆಫ್ ಮಾಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಅಮ್ಮ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ನಾನೊಬ್ಬನೇ ಬನಿಯನ್ನಿನಲ್ಲಿ ಹಿಮಾಲಯದ ಸಾಧುವಿನ ಹಾಗೆ ಓಡಾಡುತ್ತೇನೆ. ನಡುನಡುವೆ ಬರುವ ಸೀನನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು.

ಬುಕಿತ್ ಬಾಟೋಕ್‌ನ ನಮ್ಮ ಕಾಂಡೋ ನೆಲಮಹಡಿಯದು. ಹಿಂದೆ ಪುಟ್ಟ ಅಂಗಳ. ಅದರ ಟೈಲ್ಸ್ ಬಣ್ಣ ಹಸಿರೆಂದೇ ನಾನು ಬಹಳ ದಿನ ನಂಬಿದ್ದೆ. ಅಮ್ಮ ಬಟ್ಟೆಯ ಬಕೆಟ್ ಸಮೇತ ಜಾರಿ ಕೂತ ದಿನವೇ ಅದು ಪಾಚಿ ಎಂದು ಗೊತ್ತಾದದ್ದು. ಅಪ್ಪ ಬಿಶಾನ್‌ಗೆ ಹೋಗಿ ತಮ್ಮ ಗೆಳೆಯರಾದ ಪಾಟೀಲ್ ಅಂಕಲ್ ಹತ್ತಿರ ಪ್ರೆಷರ್ ವಾಷರ್ ಕೇಳಿ ತಂದರು. ರಭಸವಾಗಿ ನೀರು ಚಿಮ್ಮಿಸಿ ನೆಲ, ಗೋಡೆ ತೊಳೆಯುವ ಪಂಪು ಅದು. ಅಂಕಲ್ ಸ್ಕಾಟ್‌ಲೆಂಡಿನಿಂದ ಇಲ್ಲಿಗೆ ಶಿಫ್ಟ್ ಆಗುವಾಗ ಸೋಫಾ ಬಿಟ್ಟು ಇದನ್ನು ಹೊತ್ತು ತಂದಿದ್ದರಂತೆ.

ಅಪ್ಪ ಎಂಜಿನಿಯರ್. ಮ್ಯಾನ್ಯುಯಲ್ ಓದದೆ ಟಾರ್ಚನ್ನೂ ಹಚ್ಚುವವರಲ್ಲ. ಈ ಮ್ಯಾನ್ಯುಯಲ್ಲಿನಲ್ಲಿ ಪಂಪು ಓಡಿಸುವುದಕ್ಕಿಂತ ಅದನ್ನು ಚಳಿಯಿಂದ ಕಾಪಾಡುವುದರ ಬಗ್ಗೆಯೇ ಹೆಚ್ಚು ಪುಟಗಳು: ಒಳಗೆ ಉಳಿದ ನೀರು ಗಡ್ಡೆ ಕಟ್ಟಿದರೆ ಪಂಪು ಒಡೆಯುತ್ತದೆ, ಗಡ್ಡೆ ಕಟ್ಟಿದ್ದರೆ ಆನ್ ಮಾಡಬೇಡಿ, ಬೆಚ್ಚಗಿನ ಜಾಗದಲ್ಲಿಡಿ. ಅಷ್ಟು ಓದಿ ಅಪ್ಪ ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡರು.

ಶನಿವಾರ ಬೆಳಿಗ್ಗೆ ನಲ್ಲಿಗೆ ಪೈಪು ಸಿಕ್ಕಿಸಿ ಆನ್ ಮಾಡಿದರೆ ಪಂಪು ಗುಂಯ್ ಎಂದಿತು. ಬಂದದ್ದು ಒಂದೇ ಹನಿ, ಅದೂ ನೆಗಡಿಯಾದವನ ಮೂಗಿನದರಂತೆ.

"ಅಯ್ಯೋ, ಕ್ರ್ಯಾಕ್ ಆಗೋಯ್ತು ಕಣೋ! ಸಂಜೆ ಪಾಟೀಲ್ ಬರ್ತಾರೆ, ಏನಂತ ಮುಖ ತೋರಿಸ್ಲಿ?" ಎಂದರು ಅಪ್ಪ.

"ಕ್ರ್ಯಾಕ್ ಅಲ್ಲಪ್ಪ, ಬರೀ ಫ್ರೀಜ್ ಆಗಿದೆ ಲಾ," ಎಂದೆ, ಸಿಂಗಪುರದವರ 'ಲಾ' ಸೇರಿಸಿ, ಇಡೀ ಸ್ಕಾಟ್‌ಲೆಂಡನ್ನು ಕಂಡವನ ಗತ್ತಿನಲ್ಲಿ.

"ಸಿಂಗಪುರದಲ್ಲಿ ಫ್ರೀಜ್ ಆಗತ್ತೇನೋ?"

"ಒಳಗಡೆ ಇನ್ನೂ ಕೋಲ್ಡ್ ಇರತ್ತೆ."

ಗಾಬರಿಯಲ್ಲಿರುವ ಎಂಜಿನಿಯರ್ ಏನನ್ನಾದರೂ ನಂಬುತ್ತಾನೆ. ಪಂಪು ಅಮ್ಮನ ಶಾಲು ಹೊದ್ದು ಸೋಫಾ ಏರಿತು. ನಾನು ಹೇರ್ ಡ್ರೈಯರ್ ಹಿಡಿದು ಶುಶ್ರೂಷೆಗೆ ನಿಂತೆ.

"ನಂಗೆ ಜ್ವರ ಬಂದಾಗ ಯಾರಾದ್ರೂ ಒಂದು ಲೋಟ ಕಾಫಿ ಕೊಟ್ಟಿದ್ರಾ?" ಎಂದಳು ಅಮ್ಮ. ನಾನೂ ಅಪ್ಪನೂ ಪಂಪಿನ ಕಡೆಗೇ ನೋಡಿದೆವು.

ಸಂಜೆ ಮತ್ತೆ ಅಂಗಳಕ್ಕೆ ತಂದು ಆನ್ ಮಾಡುವುದಕ್ಕೂ ಸ್ವೆಟರ್ ತೊಟ್ಟ ಪಾಟೀಲ್ ಅಂಕಲ್ ಒಳಗೆ ಬರುವುದಕ್ಕೂ ಸರಿಹೋಯಿತು. ಮತ್ತದೇ ಗುಂಯ್. ನೀರು ಚಿಮ್ಮಿಸುವ ಗನ್ನು ಹಿಡಿದ ಅಪ್ಪನ ಮುಖ ವೀಸಾ ಕೌಂಟರಿನ ಮುಂದೆ ನಿಂತವರದು. ಅಷ್ಟರಲ್ಲಿ ದೀಪ ಹಿಡಿದು ಬಂದ ಅಮ್ಮ, "ತುಳಸಿ ಕುಂಡ ಯಾರು ಇಲ್ಲಿಟ್ಟಿದ್ದು?" ಎಂದು ಅದನ್ನು ಪಕ್ಕಕ್ಕೆ ಸರಿಸಿದಳು. ಕೊಳೆ ಸಿಡಿಯದಿರಲಿ ಎಂದು ಬೆಳಿಗ್ಗೆ ಅಪ್ಪನೇ ಅದನ್ನು ದೂರಕ್ಕೆ ಸರಿಸಿದ್ದರು. ಇಟ್ಟದ್ದು ನೀರಿನ ಪೈಪಿನ ಮೇಲೆ!

ಪೈಪು ಒಮ್ಮೆ ಮೈ ಮುರಿಯಿತು. ಗನ್ನು ಕೆಮ್ಮಿತು. ಮರುಕ್ಷಣ ನೀರು ಬಾಣದಂತೆ ನೆಲಕ್ಕೆ ಬಡಿದು, ಪಾಚಿಯ ನಡುವೆ ಬೆಳ್ಳನೆಯ ಪಟ್ಟೆಯೊಂದು ಎದ್ದಿತು.

"ಓಡ್ತದ! ಓಡ್ತದ್ರೀ!" ನಮಗಿಂತ ಜೋರಾಗಿ ಕುಣಿದವರು ಪಾಟೀಲ್ ಅಂಕಲ್. ಖುಷಿಯಲ್ಲಿ ಅವರ ಬೆಂಗಳೂರು ಕನ್ನಡ ಕಳಚಿ ಹುಬ್ಬಳ್ಳಿ ಹೊರಬಿದ್ದಿತ್ತು. ಆಮೇಲೆ ಮೆಲ್ಲಗೆ ಬಾಯಿಬಿಟ್ಟರು: "ಅಲ್ಲಿ ಲಾಸ್ಟ್ ವಿಂಟರ್ ನೀರು ಖಾಲಿ ಮಾಡದೆ ಹೊರಗೇ ಬಿಟ್ಟಿದ್ದೆ. ಒಡೆದಿರತ್ತೆ ಅಂತ ಹೆದರಿ ಇಲ್ಲಿ ಆನ್ ಮಾಡೇ ಇರ್ಲಿಲ್ಲ."

"ಅಂದ್ರೆ ನಮ್ಮ ಕೈಲಿ ಟೆಸ್ಟ್ ಮಾಡಿಸಿದ್ರಾ?"

"ನೀವು ಎಂಜಿನಿಯರ್ ಅಲ್ವೇನ್ರೀ!"

ಅಪ್ಪನಿಗೆ ಸಿಟ್ಟು ಬರಬೇಕಿತ್ತು. ಆದರೆ ನಗು ಮೊದಲು ಬಂದುಬಿಟ್ಟಿತು. ಪಂಪಿನೊಳಗೆ ಈಗ ಹಿಮ ಇರಲೇ ಇಲ್ಲ. ಇದ್ದದ್ದೆಲ್ಲ ಈ ಇಬ್ಬರ ಎದೆಯೊಳಗೆ. ಆನ್ ಮಾಡಿ ನೋಡದೆ ಕರಗುವ ಜಾತಿಯದಲ್ಲ ಅದು. ಅಪ್ಪ ಮಂಕಿ ಕ್ಯಾಪ್ ತೆಗೆದರು, ಅಂಕಲ್ ಸ್ವೆಟರ್ ಕಳಚಿದರು, ಅಮ್ಮ ತನ್ನ ಶಾಲನ್ನು ವಾಪಸ್ ಪಡೆದು ಫ್ಯಾನ್ ಜೋರು ಮಾಡಿದಳು. ನಮ್ಮ ಮನೆಯ ಚಳಿಗಾಲ ಅಲ್ಲಿಗೆ ಮುಗಿಯಿತು.

ಹೇರ್ ಡ್ರೈಯರ್ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ನಾನು ಈಗಲೂ ಎಲ್ಲರಿಗೂ ನೆನಪಿಸುತ್ತಿರುತ್ತೇನೆ.