ಭೀಮರಾಯನಿಗೆ ಕಾಣದ ಬೆಂಕಿ

ಮುಂಬಯಿಯ ಸಯನ್‌ನ ನಮ್ಮ ಚಾಳಿನಲ್ಲಿ ಟ್ಯಾಂಕರ್ ಭೀಮರಾಯ ಎಂದರೆ ಎಲ್ಲರಿಗೂ ನಗು. ಆರಡಿ ಆಳು, ಗಿರಿಜಾ ಮೀಸೆ, ಘಾಟಿನಲ್ಲಿ ಹಾಡು ಹೇಳುತ್ತ ಗಾಡಿ ಇಳಿಸುವವ. ಮನೆಯಲ್ಲಿ ಮಾತ್ರ ಆರಿದ ಗ್ಯಾಸ್ ಒಲೆಯ ಮೇಲೂ ಅಂಗೈ ಹಿಡಿದು ನೋಡಿಯೇ ಪಾತ್ರೆ ಮುಟ್ಟುತ್ತಿದ್ದ. ಎಥನಾಲ್ ತಲೆಗೇರಿದೆ ಎಂದು ನಾನೂ ಗೇಲಿ ಮಾಡಿದ್ದುಂಟು.

ವಿಜಯಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಜೋಳದ ಕಣಿಕೆ, ಕಬ್ಬಿನ ಒಣ ಸೋಗೆಯ ರವದಿ ಕೊಳೆಸಿ ಎಥನಾಲ್ ತೆಗೆಯುತ್ತಾರೆ. ಪೆಟ್ರೋಲಿಗೆ ಬೆರೆಸಲು ಅದನ್ನು ಮುಂಬಯಿಗೆ ತಂದು ಇಳಿಸುವುದು ಅವನ ಕೆಲಸ. ದನ ತಿನ್ನುವ ಕಣಿಕೆಯಿಂದ ಕಾರು ಓಡುತ್ತದೆ ಎಂದು ಮೊದಮೊದಲು ಮೀಸೆ ತಿರುವುತ್ತಿದ್ದ. ಆಮೇಲೆ ತರಬೇತಿಗೆ ಕರೆದರು. ಸಾಹೇಬರು ಉರಿಬಿಸಿಲಲ್ಲಿ ತಟ್ಟೆಗೆ ಒಂದಿಷ್ಟು ಎಥನಾಲ್ ಸುರಿದು ಕಡ್ಡಿ ಗೀರಿದರು. ಏನೂ ಕಾಣಲಿಲ್ಲ. ಅದರೊಳಗೆ ಹಾಕಿದ ಕಾಗದ ಮಾತ್ರ ಕಪ್ಪಾಗಿ ಸುರುಟಿತು. ಅಂದು ಹೊಕ್ಕ ಭಯ ಅವನನ್ನು ಬಿಡಲಿಲ್ಲ. ಅಮಾವಾಸ್ಯೆಯ ಗಾಡಿಪೂಜೆ ನಿಲ್ಲಿಸಿ, ಚಾವಿಯನ್ನಷ್ಟೇ ಮನೆಯ ದೇವರ ಮುಂದೆ ಇಡತೊಡಗಿದ.

ಹೆಂಡತಿ ಕಾಶವ್ವನಿಗೆ ಅದು ಸರಿಬರಲಿಲ್ಲ. ಗಾಡಿಗೆ ದೃಷ್ಟಿ ತಗುಲಿದೆ, ಅದಕ್ಕೇ ಗಂಡ ನಿದ್ದೆಯಲ್ಲೂ ಬೆಚ್ಚಿಬೀಳುತ್ತಾನೆ ಎಂಬುದು ಅವಳ ತೀರ್ಮಾನ. ಕಳೆದ ಅಮಾವಾಸ್ಯೆಯ ಮಧ್ಯಾಹ್ನ ಅವನ ಫೋನ್ ಬಂತು.

“ಗಾಡಿ ಖಾಲಿ ಆತು. ವಡಾಲಾದಾಗ ನಿಂದರಿಸೇನಿ.”

ಖಾಲಿ ಗಾಡಿಗೆ ಎಂಥ ಹೆದರಿಕೆ? ತೆಂಗಿನಕಾಯಿ, ಚೆಂಡುಹೂ, ಕರ್ಪೂರ ಹಿಡಿದು ವಡಾಲಾದ ಲಾರಿ ನಿಲ್ದಾಣಕ್ಕೆ ಬಸ್ ಹತ್ತಿಯೇಬಿಟ್ಟಳು.

ಖಾಲಿ ಮಾಡಿದ ಮೇಲೂ ಟ್ಯಾಂಕರಿನ ಕೊಳವೆಯಲ್ಲಿ ಒಂದಿಷ್ಟು ಉಳಿದು, ಹನಿಹನಿಯಾಗಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಅವಳು ಅದನ್ನು ಕೊಳೆನೀರೆಂದು ಕಾಲಿನಿಂದ ಸರಿಸಿದಳು. ತುಳುಕಿತು, ಸೀರೆಯಂಚು ನೆನೆಯಿತು. ಹಿಂದಿನ ಗಾಲಿಗೆ ಹೂವಿಟ್ಟು ಕರ್ಪೂರ ಹಚ್ಚಿದಳು.

ಚಹಾ ಕುಡಿದು ಬರುತ್ತಿದ್ದ ಭೀಮರಾಯ ದೂರದಿಂದಲೇ ನೋಡಿದ. ಬಿಸಿಲಿನಲ್ಲಿ ಬೆಂಕಿಯೇನೂ ಕಾಣಲಿಲ್ಲ. ಆದರೆ ನೆಲಕ್ಕೆ ಬಿದ್ದ ಚೆಂಡುಹೂ ತಾನಾಗಿಯೇ ಕರ್ರಗಾಗುತ್ತಿತ್ತು.

“ಕಾಶೀ! ಹಿಂದಕ್ಕ ಬಾ! ಬೆಂಕಿ!”

“ಎಲ್ಲೈತ್ರಿ ಬೆಂಕಿ? ಯಾಕ ಒದರತೀರಿ?”

ಓಡಿಬಂದವನೇ ರೆಟ್ಟೆ ಹಿಡಿದು ಎಳೆದ, ನೆಲಕ್ಕೆ ಕೆಡವಿದ, ಅವಳ ಸೀರೆಯಂಚನ್ನು ಎರಡೂ ಕೈಯಿಂದ ಬಡಿದ. ಪಕ್ಕದ ಲಾರಿಯವರು ಬಕೆಟ್‌ಗಟ್ಟಲೆ ನೀರು ಸುರಿದರು. ಅವಳ ಕಾಲು ಚುರುಗುಟ್ಟಿತಷ್ಟೆ. ಇಷ್ಟಕ್ಕೇ ಇಷ್ಟು ರಂಪವೇ ಎಂದು ಕಾಶವ್ವನಿಗೆ ಸಿಟ್ಟೇ ಬಂತು.

ಮರಳುವ ಬಸ್ಸಿನಲ್ಲಿ ಅವನು ಬಗ್ಗಿ ಬಗ್ಗಿ ಅವಳ ಸೀರೆ ಸವರುತ್ತಲೇ ಇದ್ದ.

“ಬಿಡ್ರೀ, ಮಂದಿ ನೋಡಾಕತ್ತಾರ.”

“ನೋಡಲಿ. ಅದು ಕಣ್ಣಿಗೆ ಕಾಣಂಗಿಲ್ಲ ಕಾಶಿ. ಇನ್ನೂ ಇದ್ರ?”

ನಾಚಿಕೆಯಿಂದ ಅವನ ಕೈ ಹಿಡಿದು ಸರಿಸಹೋದಳು. ಅಂಗೈ ತುಂಬ ಬೊಬ್ಬೆ. ಚರ್ಮ ಅವಳ ಬೆರಳಿಗೆ ಅಂಟಿಕೊಂಡು ಬಂತು. ಕಾಶವ್ವ ಚೀರಿದ ಚೀರಿಗೆ ಬಸ್ಸೇ ನಿಂತಿತಂತೆ.

ಈಗ ಅವನ ಎರಡೂ ಕೈಗೆ ಬ್ಯಾಂಡೇಜು. ಆರಿದ ಒಲೆಯ ಮೇಲೆ ಅಂಗೈ ಹಿಡಿದು ನೋಡುವವಳು ಕಾಶವ್ವ. ನಮ್ಮ ಚಾಳಿನಲ್ಲಿ ಈಗ ಯಾರೂ ನಗುವುದಿಲ್ಲ.