ಅವ್ವನ ಎರಡು ಹೆಸರು, ಒಂದು ಫೈಲ್

“ಹೊಸಾ ಚೀಟಿ ಮಾಡಿಕೊಡ್ರಿ ಮೇಡಂ, ಲಗೂನ ಮುಗೀತೈತಿ,” ಎಂದು ಬಳ್ಳಾರಿಯ ಆಸ್ಪತ್ರೆಯೊಂದರ ದಾಖಲೆ ಕೌಂಟರಿನಲ್ಲಿ ಚೌಕಾಸಿಗೆ ಇಳಿದಿದ್ದೆ. ಕಾಲಿನ ಗಾಯ ಕೀವಾಗಿ ಅವ್ವ ಜ್ವರದಲ್ಲಿ ನಡುಗುತ್ತಿದ್ದಳು. ಫೈಲ್ ನಂಬರ್ ಇದ್ದ ಹಳೇ ಚೀಟಿ ಸಿರುಗುಪ್ಪದ ಮನೆಯಲ್ಲೇ ಉಳಿದಿತ್ತು.

“ಚೌಕಾಸಿ ಅಂಗಡ್ಯಾಗ ಇಟ್ಕೊಳ್ರಿ ಅಣ್ಣಾರ. ಮನ್ಯಾಗ ಅವ್ವಗ ಏನಂತ ಕರೀತೀರಿ, ಅದನ್ನ ಹೇಳ್ರಿ,” ಎಂದರು ಕೌಂಟರಿನಾಕೆ. ಆಧಾರ್ ಹೆಸರಿನಲ್ಲಿ ಹುಡುಕಿದಾಗ ಏನೂ ಸಿಕ್ಕಿರಲಿಲ್ಲ.

“ಸಣ್ಣೀರಮ್ಮ,” ಎಂದೆ. ಹೋದ ಸಲ ಕರೆತಂದಿದ್ದ ತಮ್ಮ ಅದನ್ನೇ ಬರೆಸಿದ್ದನಂತೆ, ಫೈಲ್ ಸಿಕ್ಕಿತು. ಮೇಲೆಯೇ ಕೆಂಪು ಶಾಯಿಯಲ್ಲಿತ್ತು: ಪೆನಿಸಿಲಿನ್ ಕೊಟ್ಟಾಗ ಉಸಿರು ಕಟ್ಟಿತ್ತು, ಮತ್ತೆ ಕೊಡಬಾರದು. ಡಾಕ್ಟರು ಕೊಡಲು ಹೊರಟಿದ್ದು ಅದೇ ಇಂಜೆಕ್ಷನ್. ಫೈಲ್ ನೋಡಿ ತಕ್ಷಣ ಬದಲಾಯಿಸಿದರು.

ಫೈಲಿನ ಹೆಸರನ್ನೂ ತಿದ್ದಿಸಿದೆ, ಈಗ ಅವ್ವನ ಪ್ರತಿ ಚೀಟಿಯಲ್ಲೂ ಆಧಾರ್ ಹೆಸರೇ. ಫೈಲ್ ನಂಬರ್ ನನ್ನ ಮೊಬೈಲಿನಲ್ಲೂ, ಅವಳ ಎಲೆಯಡಿಕೆ ಚೀಲದಲ್ಲೂ ಇದೆ. ನಿಮ್ಮ ಮನೆಯವರ ಫೈಲ್ ನಂಬರ್ ನೀವೂ ಇವತ್ತೇ ಬರೆದಿಡಿ.